ಮಳೆ ವಯನಾಡಿನಲ್ಲಿ, ನೀರು ನರಸೀಪುರದಲ್ಲಿ
ಈ ವಾರ ತಿ. ನರಸೀಪುರದ ಕಾವೇರಿ, ಕಬಿನಿ ಸಂಗಮದ ದಡದಲ್ಲಿ ಒಂದು ವ್ಯಾನು ನಿಂತಿತ್ತು. ಪಕ್ಕದಲ್ಲಿ ಟೆಂಟು, ಗ್ಯಾಸ್ ಒಲೆ, ನೀರಿಗೆ ಗಾಳ ಬಿಟ್ಟು ಕೂತ ಮಕ್ಕಳು. ಮನೆಮಂದಿಯೆಲ್ಲ ಹೊಳೆಯ ಬಳಿ ಒಂದು ರಾತ್ರಿ ಕಳೆಯುವುದು ನನಗೆ ತುಂಬ ಇಷ್ಟವಾದ ಸಂಗತಿ. ಆದರೆ ಅಕ್ಕಿ, ಹಾಸಿಗೆ, ಎರೆಹುಳುವಿನ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಎರಡು ಅಣೆಕಟ್ಟೆಗಳ ನೀರಿನ ಮಟ್ಟ. ಕೆರೆಯ ಏರಿಯ ಬಳಿ ಬಿಡಾರ ಹೂಡಿದವರಿಗೆ ಮಳೆ ಕಣ್ಣೆದುರೇ ಸುರಿಯುತ್ತದೆ, ನೀರು ಮೆಲ್ಲಗೆ ಏರುತ್ತದೆ. ಇಲ್ಲಿ ಹಾಗಲ್ಲ. ವಯನಾಡಿನ ಮಳೆ ಕಬಿನಿ ಜಲಾಶಯ ತುಂಬಿಸಿ ನಂಜನಗೂಡು ದಾಟಿ ಬರುತ್ತದೆ. ಕೊಡಗಿನ ಮಳೆ ಕಾವೇರಿಯ ಕನ್ನಂಬಾಡಿ ಅಣೆಕಟ್ಟೆಯಿಂದ ಇಳಿಯುತ್ತದೆ. ನರಸೀಪುರದ ನೆತ್ತಿಯ ಮೇಲೆ ಒಂದು ಮೋಡವೂ ಇಲ್ಲದ ದಿನವೇ ಎರಡೂ ಹೊಳೆ ಉಕ್ಕಬಹುದು. ಕಬಿನಿ 2284 ಅಡಿ, ಕನ್ನಂಬಾಡಿ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟುವ ಹೊತ್ತಿಗೆ ಒಳಹರಿವು ಹೆಚ್ಚಿದರೆ ನೀರು ಹೊರಬಿಡದೆ ವಿಧಿಯಿಲ್ಲ. ಹಾಗಾಗಿ ಜುಲೈ, ಆಗಸ್ಟಿನಲ್ಲಿ ಮರಳುದಿಣ್ಣೆಯ ಮೇಲೆ ಟೆಂಟು ಬೇಡವೇ ಬೇಡ. ಪ್ರವಾಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಆಗಲೂ ದಿನವೂ ತೆಪ್ಪ ಹಾಕುವ ಮೀನುಗಾರರನ್ನು ಕೇಳಿ, ಅವರು ತೋರಿಸಿದ ಎತ್ತರದ ಜಾಗದಲ್ಲೇ ಮಲಗಿ. ಮಕ್ಕಳ ಕೈಗೆ ಗಾಳ ಕೊಡುವ ಮೊದಲು ಈ ನೀರು ಎಲ್ಲಿಂದ ಬರುತ್ತದೆ, ಯಾವಾಗ ಏರುತ್ತದೆ ಎಂಬುದನ್ನು ಹೇಳಿಕೊಡಿ. ಅಪ್ಪ ಅಮ್ಮ ಮಾಡಬೇಕಾದ ಮೊದಲ ತಯಾರಿ ಅದೇ.