ಆಟದ ಮನೆಯ ಲೆಕ್ಕಪತ್ರ



ಆಟವೆಂದ ಮೇಲೆ ಸೋಲು ಗೆಲುವು ಎರಡೂ ಉಂಟು. ಮೆಚ್ಚಿದ ತಂಡ ಸೋತಾಗ ಮರುಗುವುದು, ಗೆದ್ದಾಗ ಹಿಗ್ಗುವುದು ಅಭಿಮಾನಿಯಾದವನಿಗೆ ಸಹಜ. ಅಂತಹ ಸೋಲಿಗಾಗಿ ನಾವು ಈ ಅಂಕಣದ ಪುಟವನ್ನು ಮೀಸಲಿಡುತ್ತಿರಲಿಲ್ಲ. ಆಡುವವರು ಸಮರ್ಥರಿದ್ದೂ ಆಡಿಸುವವರ ದೆಸೆಯಿಂದ ತಂಡವೊಂದು ತಲೆಮಾರುಗಟ್ಟಲೆ ಸೋಲುತ್ತ ಬಂದರೆ, ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕಾಗುತ್ತದೆ. ಇಂದು ನಾವು ಹೇಳಹೊರಟಿರುವುದು ಹೈದರಾಬಾದಿನ ಕ್ರಿಕೆಟ್ ತಂಡದ ಮತ್ತು ಅದನ್ನು ನಡೆಸುವ ಹೈದರಾಬಾದ್ ಕ್ರಿಕೆಟ್ ಸಂಸ್ಥೆಯ ವಿಚಾರ.

ಕನ್ನಡದ ಮಾಸಪತ್ರಿಕೆಯಲ್ಲಿ ಹೈದರಾಬಾದಿನ ಕ್ರಿಕೆಟ್ಟಿಗೆ ಏನು ಕೆಲಸವೆಂದು ಕೆಲವರು ಕೇಳಿಯಾರು. ಕೆಲಸ ಖಂಡಿತ ಇದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅಲ್ಲಿಯವರೆಗೆ ಬೀದರ ಜಿಲ್ಲೆಯಲ್ಲಿದ್ದ ನಮ್ಮ ಜಹೀರಾಬಾದು, ನಾರಾಯಣಖೇಡಗಳು ಆಂಧ್ರಪ್ರದೇಶದ ಪಾಲಿಗೆ ಬಂದವು. ಬೀದರ ಅತ್ತ ಉಳಿಯಿತು, ನಾವು ಇತ್ತ ಉಳಿದೆವು. ಮನೆಯ ಮಾತು ಬದಲಾಗಲಿಲ್ಲ, ಬೀಗತನ ಕಡಿಯಲಿಲ್ಲ, ಜಾತ್ರೆ ಉತ್ಸವಗಳೂ ನಿಲ್ಲಲಿಲ್ಲ. ಆದರೆ ಕಚೇರಿ, ಪರೀಕ್ಷಾ ಮಂಡಳಿಗಳಂತೆ ಕ್ರೀಡಾ ಸಂಸ್ಥೆಗಳೂ ಈ ಗಡಿರೇಖೆಯ ಗುಂಟ ಬೇರೆಯಾದವು. ಬೀದರದ ಹುಡುಗನು ಕ್ರಿಕೆಟ್ಟಿನಲ್ಲಿ ಮುಂದೆ ಬರಬೇಕಾದರೆ ಕರ್ನಾಟಕದ ಸಂಸ್ಥೆಯ ಬಾಗಿಲು ತಟ್ಟುತ್ತಾನೆ. ಅಲ್ಲಿಂದ ಒಂದು ತಾಸಿನ ಹಾದಿಯಲ್ಲಿರುವ ನಮ್ಮ ಪಸ್ತಾಪುರದ ಹುಡುಗನು, ಮನೆಯಲ್ಲಿ ಅದೇ ಕನ್ನಡವನ್ನು ಆಡುವವನಾದರೂ, ಹೈದರಾಬಾದಿನ ಬಾಗಿಲಿಗೇ ಹೋಗಬೇಕು. ಆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಆದ್ದರಿಂದ ನಮ್ಮ ಮಕ್ಕಳ ಪ್ರಶ್ನೆಯೂ ಹೌದು.

ಹೈದರಾಬಾದಿನದು ಬಡ ಪರಂಪರೆಯಲ್ಲ. 1937-38ರಷ್ಟು ಹಿಂದೆಯೇ ಈ ತಂಡ ನವಾನಗರವನ್ನು ಒಂದೇ ಒಂದು ವಿಕೆಟ್ಟಿನ ಅಂತರದಿಂದ ಸೋಲಿಸಿ ರಣಜಿ ಟ್ರೋಫಿಯನ್ನು ತಂದಿತ್ತು. ಗುಲಾಂ ಅಹಮದ್, ಜಯಸಿಂಹ, ಅಬ್ಬಾಸ್ ಅಲಿ ಬೇಗ್, ಆಬಿದ್ ಅಲಿ ಮೊದಲಾದವರು ಈ ನೆಲದ ಆಟಗಾರರು. ಪಟೌಡಿಯಂತಹ ಭಾರತ ತಂಡದ ನಾಯಕರೂ ಹೈದರಾಬಾದಿಗಾಗಿ ಆಡಿದರು. 1986-87ರಲ್ಲಿ ದೆಹಲಿಯ ಮೈದಾನದಲ್ಲಿಯೇ ದೆಹಲಿಯನ್ನು ಮೊದಲ ಸರದಿಯ ಮುನ್ನಡೆಯಿಂದ ಹಿಂದಿಕ್ಕಿ ರಣಜಿಯನ್ನು ಮತ್ತೊಮ್ಮೆ ಗೆದ್ದರು. ಟ್ರಾನ್ಸಿಸ್ಟರಿಗೆ ಕಿವಿಯಾನಿಸಿ ವೀಕ್ಷಕ ವಿವರಣೆ ಕೇಳುತ್ತಿದ್ದ ಆ ಕಾಲದ ನಮ್ಮ ಹಳ್ಳಿಗಳಲ್ಲಿ ಅಜರುದ್ದೀನರ ಮಣಿಕಟ್ಟಿನ ಚಳಕವನ್ನು ಮಾತಿನಲ್ಲೇ ಕಂಡವರು ಎಷ್ಟು ಮಂದಿಯೋ! ಮುಂದೆ 1999-2000ದ ಋತುವಿನಲ್ಲಿ ಲಕ್ಷ್ಮಣರು ಒಬ್ಬರೇ 1415 ಓಟಗಳನ್ನು ಗಳಿಸಿ ತಂಡವನ್ನು ಅಂತಿಮ ಪಂದ್ಯದವರೆಗೆ ಒಯ್ದರು. ಅಂದು ಮುಂಬಯಿಗೆ ಸೋತರೂ ಅದು ತಲೆಯೆತ್ತಿ ಸೋತ ಸೋಲು.

ಅನಂತರದ ಕಥೆ ಕೇಳಿ. 2010ರ ನವೆಂಬರದಲ್ಲಿ ಜಯಪುರದಲ್ಲಿ ರಾಜಸ್ಥಾನದೆದುರು ಹೈದರಾಬಾದು ಬರಿಯ 21 ಓಟಗಳಿಗೆ ಮುಗಿದುಹೋಯಿತು. ರಣಜಿಯ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾವ ತಂಡವೂ ಇಷ್ಟು ಕಡಿಮೆ ಮೊತ್ತಕ್ಕೆ ಬಿದ್ದಿರಲಿಲ್ಲ. ಅಂದು ಮೊದಲ ಬಾರಿಗೆ ರಣಜಿ ಆಡುತ್ತಿದ್ದ ದೀಪಕ್ ಚಾಹರ್ ಎಂಬ ತರುಣ 10 ಓಟ ಕೊಟ್ಟು 8 ವಿಕೆಟ್ ಕಿತ್ತನು. ಆ ರಾಜಸ್ಥಾನವಾದರೂ ಹೈದರಾಬಾದಿನಂತೆಯೇ ಕೆಳದರ್ಜೆಯ ಪ್ಲೇಟ್ ಗುಂಪಿನಲ್ಲಿದ್ದ ತಂಡ. ಅದು ಅದೇ ವರ್ಷ ಮೇಲೇರಿ ರಣಜಿಯನ್ನೇ ಗೆದ್ದಿತು, ಮರುವರ್ಷವೂ ಗೆದ್ದಿತು. ಒಂದೇ ಮೆಟ್ಟಿಲಿನ ಮೇಲೆ ನಿಂತಿದ್ದ ಇಬ್ಬರಲ್ಲಿ ಒಬ್ಬನು ಮಾಳಿಗೆ ಹತ್ತಿದನು, ಇನ್ನೊಬ್ಬನು ಅಲ್ಲಿಯೇ ಉಳಿದನು. 2022-23ರಲ್ಲಿ ಹೈದರಾಬಾದು ತನ್ನ ಗುಂಪಿನ ತಳಕ್ಕಿಳಿದು, ಮರುವರ್ಷ ಪುನಃ ಪ್ಲೇಟ್ ಗುಂಪಿಗೆ ತಳ್ಳಲ್ಪಟ್ಟಿತು. ಅಲ್ಲಿ ಅರುಣಾಚಲ ಪ್ರದೇಶದೆದುರು ತನ್ಮಯ್ ಅಗರವಾಲ್ 2024ರ ಜನವರಿಯಲ್ಲಿ 366 ಓಟ ಹೊಡೆದರು. 147 ಚೆಂಡುಗಳಲ್ಲಿ ಮುನ್ನೂರು ಮುಟ್ಟಿ ದಾಖಲೆ ಬರೆದರು. ಓದಿದಾಗ ಸಂತೋಷವಾಯಿತು. ಆದರೆ ಎಂಟನೆಯ ತರಗತಿಯ ಹುಡುಗ ಐದನೆಯ ತರಗತಿಯಲ್ಲಿ ಕುಳಿತು ನೂರಕ್ಕೆ ನೂರು ತೆಗೆದರೆ ಮೇಷ್ಟ್ರಿಗೆ ಎಷ್ಟು ಹಿಗ್ಗಾಗಬಹುದೋ ಅಷ್ಟೇ ಹಿಗ್ಗು ಅದು.

ನಮ್ಮ ಹುಡುಗರಿಗೆ ಕೈಬಲ ಸಾಲದೆ ಹೀಗಾಯಿತೆಂದು ಹೇಳುವಂತಿಲ್ಲ. ಆಟೋರಿಕ್ಷಾ ಚಾಲಕರ ಮಗನಾದ ಮೊಹಮ್ಮದ್ ಸಿರಾಜ್, ದೊಡ್ಡ ತರಬೇತಿ ಶಾಲೆಯ ಮುಖ ಕಾಣದೆ ಗಲ್ಲಿಗಳಲ್ಲಿ ಟೆನ್ನಿಸ್ ಚೆಂಡಿನಿಂದ ಆಡಿ ಬೆಳೆದವರು. ಬೆಂಗಳೂರಿನ ಐ.ಪಿ.ಎಲ್. ತಂಡಕ್ಕೆ 2018ರಿಂದ 2024ರವರೆಗೆ ಆಡಿ ಕನ್ನಡಿಗರ ಮೆಚ್ಚುಗೆಯನ್ನೂ ಪಡೆದರು. 2025ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಒಂಬತ್ತು ವಿಕೆಟ್ ಕಿತ್ತು, ಭಾರತ 6 ಓಟಗಳಿಂದ ಗೆಲ್ಲುವಂತೆ ಮಾಡಿದವರು ಅವರೇ. ವಿದ್ಯುತ್ ಕೆಲಸಗಾರರ ಮಗನಾದ ತಿಲಕ್ ವರ್ಮಾ 2025ರ ಏಷ್ಯಾ ಕಪ್ಪಿನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದೆದುರು ಔಟಾಗದೆ 69 ಓಟ ಗಳಿಸಿದರು. ಇಂತಹ ಕುಡಿಗಳು ತಾವಾಗಿ ಮೂಡುವ ನೆಲದಲ್ಲಿ ತಂಡ ಮಾತ್ರ ಏಕೆ ಬಾಡುತ್ತದೆ? ಉತ್ತರಕ್ಕಾಗಿ ಮೈದಾನವನ್ನು ಬಿಟ್ಟು ಕಚೇರಿಯತ್ತ ನೋಡಬೇಕು.

ಸಂಸ್ಥೆಯ ಆಡಳಿತ ಮಂಡಳಿಯನ್ನು ಆರಿಸುವವರು ಮುಖ್ಯವಾಗಿ ನಗರದ ಕ್ಲಬ್ಬುಗಳು. ಜಿಲ್ಲೆಗಳಿಗಿರುವ ಮತಗಳು ಬೆರಳೆಣಿಕೆಯಷ್ಟು. ಹೀಗಿರುವಲ್ಲಿ ಅಧಿಕಾರ ಬಯಸುವವನು ಒಳ್ಳೆಯ ಆಟಗಾರರನ್ನು ಹುಡುಕಬೇಕಾಗಿಲ್ಲ. ಕ್ಲಬ್ಬುಗಳನ್ನು ಕೈವಶ ಮಾಡಿಕೊಂಡರೆ ಸಾಕು. ಒಳಜಗಳ ಕೋರ್ಟಿನ ಮೆಟ್ಟಿಲೇರಿ, ಕೊನೆಗೆ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರರಾವ್ ಅವರ ಏಕಸದಸ್ಯ ಸಮಿತಿಯನ್ನು ನೇಮಿಸಬೇಕಾಯಿತು. ಹಲವು ಕ್ಲಬ್ಬುಗಳು ಒಂದೇ ಕೈಯಲ್ಲಿ ಇರುವುದನ್ನು ಕಂಡು ಅವರು 57 ಕ್ಲಬ್ಬುಗಳನ್ನು ಆ ವರ್ಷದ ಚುನಾವಣೆಯಿಂದ ಹೊರಗಿಟ್ಟರು. ಕ್ಲಬ್ಬೆಂಬುದು ಮಕ್ಕಳನ್ನು ಆಡಿಸುವ ಜಾಗವಾಗಿ ಉಳಿಯದೆ ಮತದ ಚೀಟಿಯಾಗಿ ಮಾರ್ಪಟ್ಟಿತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಲೆಕ್ಕಪತ್ರದ ಸಂಗತಿಯೂ ಇದಕ್ಕೆ ತಕ್ಕಂತೆಯೇ ಇದೆ. ಭಾರತೀಯ ಕ್ರಿಕೆಟ್ ಮಂಡಳಿಯಿಂದ ಕೋಟಿಗಟ್ಟಲೆ ಹಣ ಬರುವ ಈ ಸಂಸ್ಥೆ, ಉಪ್ಪಲಿನ ರಾಜೀವ್ ಗಾಂಧಿ ಕ್ರೀಡಾಂಗಣದ ವಿದ್ಯುತ್ ಬಿಲ್ಲನ್ನು ಒಂದೂವರೆ ಕೋಟಿ ರೂಪಾಯಿಗೂ ಮಿಕ್ಕಿ ಬಾಕಿ ಉಳಿಸಿಕೊಂಡಿತ್ತು. 2024ರ ಏಪ್ರಿಲಿನಲ್ಲಿ, ದೊಡ್ಡ ಪಂದ್ಯದ ಹಿಂದಿನ ದಿನ, ವಿದ್ಯುತ್ ಇಲಾಖೆಯವರು ಕರೆಂಟು ಕಿತ್ತರು. ನಮ್ಮೂರಿನಲ್ಲಿ ಎರಡು ಕೋಣೆಯ ಮನೆಯವನು ಎರಡು ತಿಂಗಳ ಬಿಲ್ಲು ತಪ್ಪಿಸಿದರೆ ತಲೆ ತಗ್ಗಿಸಿ ನಡೆಯುತ್ತಾನೆ! ಕ್ರೀಡಾಂಗಣಕ್ಕೆಂದು ಕೊಂಡ ಡೀಸೆಲ್ ಜನರೇಟರು, ಬೆಂಕಿ ನಂದಿಸುವ ಸಲಕರಣೆ, ಮೇಲ್ಛಾವಣಿಗಳ ವ್ಯವಹಾರದಲ್ಲಿ ಸುಮಾರು 20 ಕೋಟಿ ರೂಪಾಯಿಯ ಅಕ್ರಮ ನಡೆದಿದೆಯೆಂಬ ಆರೋಪದ ಮೇಲೆ ಕೇಂದ್ರದ ಜಾರಿ ನಿರ್ದೇಶನಾಲಯವು 2023ರ ನವೆಂಬರದಲ್ಲಿ ಶೋಧ ನಡೆಸಿತು. 2025ರ ಜುಲೈಯಲ್ಲಿ ರಾಜ್ಯದ ಸಿ.ಐ.ಡಿ. ಪೊಲೀಸರು ಸಂಸ್ಥೆಯ ಅಂದಿನ ಅಧ್ಯಕ್ಷರನ್ನೇ ಬಂಧಿಸಿದರು. ತಪ್ಪು ಯಾರದೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಅದಕ್ಕೆ ನಾವು ಕೈಹಾಕೆವು. ಆದರೆ ಆಟದ ಸಂಸ್ಥೆಯ ಸುದ್ದಿ ಆಟದ ಪುಟವನ್ನು ಬಿಟ್ಟು ಪೊಲೀಸು ಸುದ್ದಿಯ ಪುಟಕ್ಕೆ ಸರಿದಿದೆಯೆಂಬುದು ನಮ್ಮ ಕಣ್ಣಿಗೇ ಕಾಣುತ್ತದೆ.

ಇದರ ನೋವನ್ನು ಉಣ್ಣುವವನು ಅಭಿಮಾನಿ. 2022ರ ಸೆಪ್ಟೆಂಬರ 22ರಂದು ಸಿಕಂದರಾಬಾದಿನ ಜಿಮಖಾನಾ ಮೈದಾನದಲ್ಲಿ ಭಾರತ ಆಸ್ಟ್ರೇಲಿಯ ಪಂದ್ಯದ ಟಿಕೀಟು ಮಾರಾಟಕ್ಕಿಟ್ಟಾಗ, ಕಿಕ್ಕಿರಿದ ಜನರನ್ನು ನಿಭಾಯಿಸುವ ವ್ಯವಸ್ಥೆಯಿಲ್ಲದೆ ನೂಕುನುಗ್ಗಲಾಗಿ ಹಲವರು ಗಾಯಗೊಂಡರು. ಜನ ಬರುವರೆಂದು ಗೊತ್ತಿದ್ದೂ ಸಿದ್ಧತೆ ಮಾಡದವರನ್ನು ಆತಿಥೇಯರೆಂದು ಕರೆಯುವುದು ಹೇಗೆ?

ನಮ್ಮ ಪಸ್ತಾಪುರದಲ್ಲಿ ಆಡಳಿತವೆಂದರೇನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಲ್ಲಿಯ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದುದನ್ನು ವಾಚಕರು ಬಲ್ಲರು. ಆ ಸಂಘಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದ ತಾಯಂದಿರೇ ಬಹಳ. ರಾಶಿಯಾಗುವ ಮೊದಲೇ ಹೊಲದೊಳಗೆ ಅಡ್ಡಾಡಿ ಗಟ್ಟಿ ತೆನೆಗಳನ್ನು ಬೀಜಕ್ಕೆಂದು ಬೇರೆ ತೆಗೆಯುತ್ತಾರೆ. ಬೂದಿ, ಬೇವಿನ ಎಲೆ ಬೆರೆಸಿ ಕಾಪಿಡುತ್ತಾರೆ. ಬೀಜವಿಲ್ಲದ ನೆರೆಯವಳಿಗೆ ಕೊಡುತ್ತಾರೆ. ಆಕೆ ಸುಗ್ಗಿಯಾದ ಮೇಲೆ ಒಯ್ದುದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುತ್ತಾಳೆ. ಯಾರು ಒಯ್ದರು, ಯಾರು ತಂದರು ಎಂಬುದು ಊರಿಗೆಲ್ಲ ಗೊತ್ತು. ಎಷ್ಟೇ ಕಷ್ಟ ಬಂದರೂ ಬಿತ್ತನೆಯ ಕಾಳನ್ನು ಒಲೆಗೆ ಹಾಕುವುದಿಲ್ಲ. ಕ್ರಿಕೆಟ್ಟಿಗೆ ಬಿತ್ತನೆಯ ಕಾಳೆಂದರೆ ಹದಿನಾಲ್ಕು ಹದಿನಾರು ವರ್ಷದ ಹುಡುಗ ಹುಡುಗಿಯರು. ಅವರನ್ನು ಹೊಲಹೊಲ ತಿರುಗಿ ಆರಿಸಬೇಕಾದ ಸಂಸ್ಥೆ ಕಣದ ಬದಿಯಲ್ಲಿ ಪಾಲಿಗಾಗಿ ಜಗಳಾಡುತ್ತ ಕುಳಿತರೆ, ಮುಂದಿನ ವರ್ಷ ಬಿತ್ತುವುದು ಏನನ್ನು?

ನೆರೆಯ ಕರ್ನಾಟಕವನ್ನು ನೋಡಿ. 1973-74ರಲ್ಲಿ ಮುಂಬಯಿಯ ಸತತ ಹದಿನೈದು ವರ್ಷಗಳ ಪ್ರಭುತ್ವವನ್ನು ಮುರಿದು ಮೊದಲ ಬಾರಿ ರಣಜಿ ಗೆದ್ದ ಆ ತಂಡ, 2014-15ರ ಹೊತ್ತಿಗೆ ಎಂಟು ಬಾರಿ ಗೆದ್ದಿತ್ತು. ಅಲ್ಲಿಯ ಸಂಸ್ಥೆ ರಾಜ್ಯವನ್ನು ವಲಯಗಳಾಗಿ ವಿಂಗಡಿಸಿ, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗಗಳಲ್ಲಿ ಮೈದಾನಗಳನ್ನು ಕಟ್ಟಿತು. ಗದುಗಿನಿಂದ ರೈಲು ಹಿಡಿದು ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗುತ್ತಿದ್ದ ಸುನಿಲ್ ಜೋಶಿ ಭಾರತಕ್ಕಾಗಿ ಆಡಿದರು. ದಾವಣಗೆರೆಯ ವಿನಯಕುಮಾರ್ ನಾಯಕರಾಗಿ ಎರಡು ವರ್ಷ ಒಂದರ ಹಿಂದೊಂದು ರಣಜಿ ತಂದರು. ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುವುದಿಲ್ಲ. 2025ರ ಜೂನ್ 4ರಂದು, ಬೆಂಗಳೂರಿನ ಐ.ಪಿ.ಎಲ್. ತಂಡ ಹದಿನೆಂಟನೆಯ ವರ್ಷದಲ್ಲಿ ಕಪ್ಪು ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತದಿಂದ 11 ಮಂದಿ ಜೀವ ಕಳೆದುಕೊಂಡರು. ಅಭಿಮಾನವನ್ನು ಬಯಸುವವರು ಅಭಿಮಾನಿಯ ಪ್ರಾಣದ ಹೊಣೆಯನ್ನೂ ಹೊರಬೇಕೆಂಬ ಪಾಠ ಕನ್ನಡನಾಡಿಗೂ ಅಷ್ಟೇ ಅನ್ವಯಿಸುತ್ತದೆ.

ಅಭಿಮಾನಿಗಳು ಮಾಡುವುದಾದರೂ ಏನು, ಚಪ್ಪಾಳೆ ತಟ್ಟಿ ಮನೆಗೆ ಹೋಗುವುದಷ್ಟೇ ಅಲ್ಲವೇ ಎನ್ನುವವರಿಗಾಗಿ ಜಪಾನಿನ ಒಂದು ಪ್ರಸಂಗವನ್ನು ಹೇಳುತ್ತೇವೆ. ನಮ್ಮಲ್ಲಿ ಕ್ರಿಕೆಟ್ಟು ಹೇಗೋ ಅಲ್ಲಿ ಬೇಸ್‌ಬಾಲ್ ಹಾಗೆ. ಅಲ್ಲಿಯ ತಂಡಗಳು ದೊಡ್ಡ ದೊಡ್ಡ ಕಂಪನಿಗಳ ಸೊತ್ತು. 2004ರಲ್ಲಿ ನಷ್ಟದ ನೆಪ ಹೇಳಿ ಕಿಂಟೆತ್ಸು, ಒರಿಕ್ಸ್ ಎಂಬ ಕಂಪನಿಗಳು ತಮ್ಮ ಎರಡು ತಂಡಗಳನ್ನು ಒಂದುಗೂಡಿಸಲು ಹೊರಟವು. ತಂಡಗಳ ಸಂಖ್ಯೆಯನ್ನೇ ಇಳಿಸುವ ಆಲೋಚನೆ ಮಾಲೀಕರಲ್ಲಿತ್ತು. ಆಟಗಾರರನ್ನಾಗಲಿ ಅಭಿಮಾನಿಗಳನ್ನಾಗಲಿ ಯಾರೂ ಕೇಳಿರಲಿಲ್ಲ. ಆಟಗಾರರ ಸಂಘವು ಫುರುತ ಎಂಬ ಹಿರಿಯ ಆಟಗಾರರ ಮುಂದಾಳುತನದಲ್ಲಿ ಸೆಪ್ಟೆಂಬರ 18 ಮತ್ತು 19ರಂದು ಮುಷ್ಕರ ಹೂಡಿತು. ಅಲ್ಲಿಯ ವೃತ್ತಿಪರ ಬೇಸ್‌ಬಾಲಿನಲ್ಲಿ ಅದೇ ಮೊದಲ ಮುಷ್ಕರ. ಪಂದ್ಯ ತಪ್ಪಿಹೋಯಿತೆಂದು ಅಭಿಮಾನಿಗಳು ಸಿಟ್ಟಾಗಲಿಲ್ಲ. ಸಹಿ ಸಂಗ್ರಹಿಸಿ ಆಟಗಾರರ ಬೆನ್ನಿಗೆ ನಿಂತರು. ವಿಲೀನ ನಿಲ್ಲಲಿಲ್ಲವಾದರೂ ಮಾಲೀಕರು ಹೊಸ ತಂಡವೊಂದನ್ನು ಒಪ್ಪಿಕೊಳ್ಳಬೇಕಾಯಿತು. ಸೆಂಡಾಯ್ ನಗರದಲ್ಲಿ 2005ರಲ್ಲಿ ಆಡತೊಡಗಿದ ಆ ತಂಡದ ಸೀಮೆ 2011ರ ಭೂಕಂಪ ಮತ್ತು ಸುನಾಮಿಯಿಂದ ನುಚ್ಚುನೂರಾಯಿತು. ಎರಡು ವರ್ಷ ಕಳೆದು, 2013ರಲ್ಲಿ, ಅದೇ ತಂಡ ದೇಶಕ್ಕೇ ಮೊದಲನೆಯದಾಗಿ ನೊಂದ ಜನರ ಮುಖದಲ್ಲಿ ನಗೆ ತಂದಿತು. ಅಭಿಮಾನಿಗಳು ಅಂದು ಬಾಯಿಬಿಡದಿದ್ದರೆ ಆ ತಂಡವೇ ಹುಟ್ಟುತ್ತಿರಲಿಲ್ಲ.

ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ಮೊದಲನೆಯದು, ವರ್ಷದ ಜಮಾಖರ್ಚನ್ನು ಸಾಮಾನ್ಯ ಓದುಗನಿಗೆ ತಿಳಿಯುವಂತೆ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಪ್ರಕಟಿಸಲಿ. ಎರಡನೆಯದು, ಜಿಲ್ಲೆಗಳ ಮತಬಲ ಹೆಚ್ಚಲಿ. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಂತಹ ಊರುಗಳಲ್ಲಿ ಒಂದೊಂದು ಒಳ್ಳೆಯ ಮೈದಾನ, ಒಬ್ಬೊಬ್ಬ ಸಂಬಳದ ತರಬೇತುದಾರ ಇರಲಿ. ಮೂರನೆಯದು, ಆಯ್ಕೆಯ ದಿನಾಂಕ ಸರಕಾರಿ ಶಾಲೆಗಳ ಸೂಚನಾ ಫಲಕಕ್ಕೆ ಮುಂಚಿತವಾಗಿ ತಲುಪಲಿ. ಆರಿಸಿದ ಹೆಸರುಗಳ ಜೊತೆಗೆ ಅವರು ಗಳಿಸಿದ ಓಟ, ವಿಕೆಟ್ಟುಗಳೂ ಪಟ್ಟಿಯಲ್ಲಿ ಬರಲಿ. ನೂರು ಕಿಲೋಮೀಟರು ಬಸ್ಸಿನಲ್ಲಿ ಹೋಗಿ ಬರುವ ಹುಡುಗನಿಗೆ ತಾನು ಏಕೆ ಆರಿಸಲ್ಪಡಲಿಲ್ಲವೆಂದು ತಿಳಿಯುವ ಹಕ್ಕುಂಟು. ಕಾರಣ ತಿಳಿದರೆ ಅವನು ತಿದ್ದಿಕೊಂಡು ಮತ್ತೆ ಬರುತ್ತಾನೆ. ತಿಳಿಯದಿದ್ದರೆ ಬ್ಯಾಟನ್ನು ಅಟ್ಟಕ್ಕೆ ಎಸೆದು ಸುಮ್ಮನಾಗುತ್ತಾನೆ. ಹಾಗೆ ಸುಮ್ಮನಾದವರ ಸಂಖ್ಯೆ ಯಾವ ದಾಖಲೆಯಲ್ಲಿಯೂ ಬರುವುದಿಲ್ಲ.

ಪಾಲಕರಲ್ಲಿಯೂ ನಮ್ಮದೊಂದು ವಿನಂತಿ. ಸಂಸ್ಥೆ ಸರಿಯಿಲ್ಲವೆಂದು ಮಕ್ಕಳ ಆಟವನ್ನು ನಿಲ್ಲಿಸಬೇಡಿ. ಸಂಜೆ ಒಂದು ಗಂಟೆ ಬಯಲಿಗೆ ಬಿಡಿ, ಹೆಣ್ಣುಮಕ್ಕಳನ್ನೂ ಬಿಡಿ. ಹೈದರಾಬಾದಿನಿಂದಲೇ ಮಿಥಾಲಿ ರಾಜ್ ಭಾರತ ತಂಡದ ನಾಯಕಿಯಾದುದನ್ನು ನೆನೆಯಿರಿ. ಜೊತೆಗೆ ನಮ್ಮ ಶಾಸಕರೂ ಜಿಲ್ಲೆಯ ಅಧಿಕಾರಿಗಳೂ ಊರಿಗೆ ಬಂದಾಗ ರಸ್ತೆ, ನೀರುಗಳನ್ನು ಕುರಿತು ಕೇಳುವಂತೆ ಮೈದಾನವನ್ನು ಕುರಿತೂ ಒಂದು ಮಾತು ಕೇಳಿರಿ. ಕೇಳುವವರಿದ್ದಾರೆಂದು ತಿಳಿದ ದಿನ ಲೆಕ್ಕ ಬರೆಯುವವರ ಕೈ ತುಸು ಎಚ್ಚರಗೊಳ್ಳುತ್ತದೆ.