ಇಡಿಯನ್ನು ನೋಡಬೇಕೆ, ಬಿಡಿಯನ್ನು ನೋಡಬೇಕೆ?

ಮಕ್ಕಳು ಆಡುವ ವಿಡಿಯೋ ಆಟಗಳ ವಿಚಾರವಾಗಿ ಇಂದು ಅನೇಕ ಮನೆಗಳಲ್ಲಿ ವಾದ ನಡೆಯುತ್ತದೆ. ಹಿರಿಯರು ಪರದೆಯ ಮೇಲೆ ಒಂದು ಗಳಿಗೆ ಬಂದೂಕನ್ನೋ ರಕ್ತವನ್ನೋ ಕಂಡು, ಆಟವೇ ಕೆಟ್ಟದ್ದೆಂದು ತೀರ್ಪು ಕೊಡುತ್ತಾರೆ. ಮಕ್ಕಳಾದರೋ ಪೂರ್ತಿ ನೋಡಿ ಆಮೇಲೆ ಹೇಳಿರೆಂದು ವಾದಿಸುತ್ತಾರೆ. ಒಂದು ಬಿಡಿಯ ನೋಟ, ಇನ್ನೊಂದು ಇಡಿಯ ನೋಟ. ಇವುಗಳಲ್ಲಿ ಯಾವುದು ನ್ಯಾಯವೆಂಬುದನ್ನು ವಿಚಾರಿಸಬೇಕಾಗಿದೆ.

ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಪ್ರಾಚೀನ ಶಾಸ್ತ್ರಕಾರರು ಆರು ಲಿಂಗಗಳನ್ನು, ಅಂದರೆ ಗುರುತುಗಳನ್ನು ಹೇಳಿದ್ದಾರೆ: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ ಮತ್ತು ಉಪಪತ್ತಿ. ಮೊದಲೂ ತುದಿಯೂ ಹೇಗೆ ಹೊಂದಿವೆ, ಮತ್ತೆ ಮತ್ತೆ ಬರುವುದು ಯಾವುದು, ಕೊನೆಗೆ ದೊರೆಯುವ ಪ್ರಯೋಜನವೇನು ಎಂಬುದನ್ನೆಲ್ಲ ಕೂಡಿಸಿ ನೋಡದೆ, ನಡುವಿನ ಒಂದು ವಾಕ್ಯವನ್ನು ಕಿತ್ತು ಅರ್ಥ ಹೇಳುವುದು ಪಂಡಿತರ ಲಕ್ಷಣವಲ್ಲ. ಆಟಕ್ಕೂ ಈ ಅಳತೆ ಸಲ್ಲುತ್ತದೆ.

ಪೋಲೆಂಡಿನ ಸಂಸ್ಥೆಯೊಂದು ೨೦೧೪ರಲ್ಲಿ ಹೊರತಂದ 'ದಿಸ್ ವಾರ್ ಆಫ್ ಮೈನ್' ಎಂಬ ಆಟವನ್ನು ನೋಡೋಣ. ೧೯೯೨ರಿಂದ ೧೯೯೬ರವರೆಗೆ ಬೋಸ್ನಿಯಾದ ಸರಾಯೆವೊ ನಗರವು ಅನುಭವಿಸಿದ ಮುತ್ತಿಗೆಯೇ ಇದಕ್ಕೆ ಪ್ರೇರಣೆ. ಇಲ್ಲಿ ಆಡುವವನು ಸೈನಿಕನಲ್ಲ. ಪಾಳುಮನೆಯಲ್ಲಿ ಅಡಗಿರುವ ಸಾಮಾನ್ಯ ಜನರನ್ನು ಬದುಕಿಸುವುದು ಅವನ ಹೊಣೆ. ಹಗಲು ಹೊರಗೆ ಬಂದರೆ ಗುಂಡೇಟು. ರಾತ್ರಿ ಒಬ್ಬರು ಹೋಗಿ ಅನ್ನ, ಔಷಧಿಗಳನ್ನು ಹುಡುಕಿ ತರಬೇಕು. ಒಂದೆಡೆ ನಿರಾಶ್ರಯರಂತಿರುವ ವೃದ್ಧ ದಂಪತಿಗಳ ಮನೆಯಿದೆ. ಅವರದನ್ನು ದೋಚಲೂಬಹುದು. ಈ ಬಿಡಿಯನ್ನಷ್ಟೇ ಕಂಡವರು ಇದನ್ನು ಕಳ್ಳತನ ಕಲಿಸುವ ಆಟವೆನ್ನುವುದು ಸಹಜ. ಆದರೆ ದೋಚಿ ಬಂದವರ ಮನಸ್ಸು ಕುಗ್ಗುತ್ತದೆ, ದುಃಖ ಬಿಡುವುದಿಲ್ಲ. ಯುದ್ಧವು ಬಡವರನ್ನು ಯಾವ ಸ್ಥಿತಿಗೆ ತಳ್ಳುವುದೆಂಬುದೇ ಆ ಆಟದ ತಾತ್ಪರ್ಯ. ೨೦೨೦ರಲ್ಲಿ ಪೋಲೆಂಡ್ ಸರ್ಕಾರವು ಇದನ್ನು ಶಾಲೆಗಳ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಆದರೂ ಹದಿನೆಂಟು ತುಂಬಿದವರಿಗೆ ಮಾತ್ರ ಎಂಬ ಮಿತಿಯನ್ನು ಬಿಡಲಿಲ್ಲ. ಇಡಿಯನ್ನು ಮೆಚ್ಚಿಯೂ ಬಿಡಿಯನ್ನು ಮರೆಯದ ವಿವೇಕವದು.

ಹಾಗಾದರೆ ಎಲ್ಲವನ್ನೂ ಇಡಿಯಾಗಿ ನೋಡಿದರೆ ಸಾಕೆ? ಸಾಲದು. ಫುಟ್‌ಬಾಲಿನ 'ಫಿಫಾ' ಆಟದಲ್ಲಿ ರಕ್ತವಿಲ್ಲ, ಬಂದೂಕಿಲ್ಲ. ಆದರೆ ಅದರೊಳಗೆ ಹಣ ಕೊಟ್ಟು, ಒಳಗೇನಿದೆಯೆಂದು ತಿಳಿಯದ ಆಟಗಾರರ ಪೊಟ್ಟಣವನ್ನು ಕೊಳ್ಳುವ ಏರ್ಪಾಡು ಇತ್ತು. ೨೦೧೮ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಇಂತಹ ಪೊಟ್ಟಣಗಳು ಜೂಜೇ ಎಂದು ನಿರ್ಣಯಿಸಿತು. ೨೦೧೯ರ ಜನವರಿಯಲ್ಲಿ ಸಂಸ್ಥೆಯು ಆ ದೇಶದಲ್ಲಿ ಅವುಗಳಿಗೆ ಬೇಕಾದ ಅಂಕಗಳ ಮಾರಾಟವನ್ನು ನಿಲ್ಲಿಸಿತು. ಆಯೋಗವು ಫುಟ್‌ಬಾಲ್ ಆಟವನ್ನೇ ದೂಷಿಸಲಿಲ್ಲ. ಕೆಟ್ಟ ಬಿಡಿಯನ್ನಷ್ಟೇ ಹಿಡಿಯಿತು. ಕೊಡ ತುಂಬ ಹಾಲಿದೆಯೆಂದು ಹುಳಿಯ ಹನಿಯನ್ನು ಕ್ಷಮಿಸಲಾಗದು.

ಆದ್ದರಿಂದ ಅರ್ಥವನ್ನು ತಿಳಿಯಲು ಇಡಿಯನ್ನು ನೋಡಬೇಕು. ಅಪಾಯವನ್ನು ತಿಳಿಯಲು ಬಿಡಿಯನ್ನೂ ಶೋಧಿಸಬೇಕು. ಹೇಳುವ ಕಥೆ ಉದಾತ್ತವೆಂಬ ಕಾರಣಕ್ಕೆ ಒಳಗಿನ ಜೂಜು ಶುದ್ಧವಾಗುವುದಿಲ್ಲ. ಒಂದು ಕ್ರೂರ ದೃಶ್ಯವಿದೆಯೆಂಬ ಕಾರಣಕ್ಕೆ ಕರುಣೆಯ ಕಥೆ ಅಶುದ್ಧವಾಗುವುದಿಲ್ಲ.

ಮೇಲಿನ ಆರು ಗುರುತುಗಳಲ್ಲಿ ತಾಯಿತಂದೆಗಳಿಗೆ ಎರಡು ಬಹು ಮುಖ್ಯ. ಓದುವವನು ಕೇಳುತ್ತಾನೆ, ಆಡುವವನು ತಾನೇ ಮಾಡುತ್ತಾನೆ. ಆದುದರಿಂದ ಮಗುವಿನ ಕೈಯಿಂದ ಆಟವು ಮತ್ತೆ ಮತ್ತೆ ಮಾಡಿಸುವುದೇನೆಂಬ ಅಭ್ಯಾಸವನ್ನೂ, ಏನು ಮಾಡಿದರೆ ಬಹುಮಾನ ಕೊಡುವುದೆಂಬ ಫಲವನ್ನೂ ಗಮನಿಸಬೇಕು. ಇದನ್ನು ಬಾಗಿಲಲ್ಲಿ ನಿಂತು ಅರಿಯಲಾಗದು. ಒಂದು ಸಂಜೆ ಮಗುವಿನ ಬಳಿ ಕುಳಿತು, ಆಟವನ್ನು ಮೊದಲಿನಿಂದ ತೋರಿಸೆಂದು ಕೇಳಿರಿ. ನಡುವೆ ಹಣ ಕೇಳುವ ಜಾಗ ಬಂದರೆ ಅಲ್ಲಿ ನಿಲ್ಲಿಸಿ ವಿಚಾರಿಸಿರಿ. ತೀರ್ಪು ಅನಂತರ ಬರಲಿ. ತನ್ನ ಮಾತನ್ನು ಪೂರ್ತಿ ಕೇಳಿದ ಹಿರಿಯರು ಬೇಡವೆಂದರೆ, ಮಗುವು ಆ ಮಾತಿಗೆ ಬೆಲೆ ಕೊಡುತ್ತದೆ.