ಕತ್ತಲೆ ಬೀದಿಯ ವ್ಯಾಕರಣ

ಹೊಸ ಭಾಷೆ ಕಲಿಸುವ ಪುಸ್ತಕಗಳ ಮೇಲೆ ನನಗೊಂದು ತಕರಾರಿದೆ. ಅವುಗಳಲ್ಲಿ ಯಾವಾಗಲೂ ಹಗಲೇ. 'ತೋಟ ಸುಂದರವಾಗಿದೆ', 'ಮಾವಿನ ಹಣ್ಣು ಎಷ್ಟು?', 'ಊಟ ರುಚಿಯಾಗಿತ್ತು' – ಇಷ್ಟರಲ್ಲಿ ಲೋಕವೆಲ್ಲ ಮುಗಿಯುತ್ತದೆ. ಹೆಂಗಸೊಬ್ಬಳು ಸಂಜೆ ಏಳರ ಮೇಲೆ ಒಬ್ಬಳೇ ಮನೆಗೆ ನಡೆದು ಬರಬೇಕಾದೀತು, ದಾರಿಯಲ್ಲಿ ದೀಪವಿರದೆ ಹೋದೀತು ಎಂಬ ಯೋಚನೆ ಅವನ್ನು ಬರೆದವರಿಗೆ ಬರುವುದೇ ಇಲ್ಲ.

ಮಗಳು ಅಳಿಯ ಕೆಲಸದ ಮೇಲೆ ಮನಿಲಾದಲ್ಲಿದ್ದಾರೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ನಾನೂ ಅಲ್ಲಿದ್ದೆ. ಭೂಪಟ ತೆಗೆದು ನೋಡಿ, ನಮ್ಮ ದಾವಣಗೆರೆಯೂ ಮನಿಲಾವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಸೂರ್ಯ ಮುಳುಗಿದ ಮೇಲೆ ಬೇಗನೆ ಕತ್ತಲು ಕವಿಯುವುದೂ ಎರಡೂ ಕಡೆ ಒಂದೇ. "ಈ ವಯಸ್ಸಿನಲ್ಲಿ ಫಿಲಿಪಿನೊ ಕಲಿತು ಏನು ಮಾಡುತ್ತೀರಿ? ಅಲ್ಲಿ ಇಂಗ್ಲಿಷ್ ನಡೆಯುತ್ತದಲ್ಲ" ಎಂದವರು ಹಲವರು. ನಡೆಯುತ್ತದೆ, ನಿಜ. ಆದರೆ ಬೀದಿಯ ಮಾತು ಬೀದಿಯ ಭಾಷೆಯಲ್ಲೇ ಆಗಬೇಕು. ಪಕ್ಕದ ಮನೆಯಾಕೆಯ ಬಳಿ ಕಲಿತೆ. ಅವರನ್ನು 'ಆತೆ' ಎಂದು ಕರೆಯಬೇಕು. ನಮ್ಮ ಕಿವಿಗೆ ಅದು ಅತ್ತೆ, ಅಲ್ಲಿ ಅಕ್ಕ!

ನಾನು ಕೇಳಿ ಕಲಿತದ್ದು ಕತ್ತಲೆ ಬೀದಿಯ ಮಾತುಗಳನ್ನು. 'ದಿಲಿಮ್' ಎಂದರೆ ಕತ್ತಲು. ಮುಂದೆ 'ಮ' ಸೇರಿಸಿದರೆ 'ಮದಿಲಿಮ್'. 'ಮದಿಲಿಮ್ ಅಂಗ್ ಕಾಲ್ಯೆ' – ಬೀದಿ ಕತ್ತಲಾಗಿದೆ. ಬೀದಿಗೆ 'ಕಾಲ್ಯೆ', ಕಂಬಕ್ಕೆ 'ಪೊಸ್ತೆ', ಸಂದಿಗೆ 'ಎಸ್ಕಿನೀತಾ' – ಇವೆಲ್ಲ 1565ರಿಂದ 1898ರವರೆಗೆ ಆಳಿದ ಸ್ಪೇನಿನವರ ಭಾಷೆಯಿಂದ ಬಂದವು. ದೀಪ 'ಇಲಾವ್', ರಾತ್ರಿ 'ಗಬಿ', ಹೆದರಿಕೆ 'ತಾಕೊತ್' – ಇವು ಮಾತ್ರ ಆ ನೆಲದವೇ. ಬೀದಿಯ ಹೆಸರು ಆಳಿದವರದು, ಹೆದರಿಕೆ ಸ್ವಂತದ್ದು.

ಇನ್ನು ನನ್ನ ಜಗಳ. 'ಬೀದಿ ಕತ್ತಲಾಗಿದೆ' ಎಂದು ಹೆಣ್ಣುಮಗಳು ಹೇಳಿದರೆ ಸಿಗುವ ಮರುಮಾತು ಏನು? 'ಹಾಗಾದರೆ ಹೋಗಬೇಡ.' ಊರು ಯಾವುದಾದರೂ ಇದೇ ಉತ್ತರ. ವಾಕ್ಯದಲ್ಲಿ ಕರ್ತೃ ಬೀದಿ. ಶಿಕ್ಷೆ ಮಾತ್ರ ಹುಡುಗಿಗೆ! ಇಪ್ಪತ್ತೆಂಟು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವಳಾಗಿ ಹೇಳುತ್ತೇನೆ, ಇಂಥ ಉತ್ತರಕ್ಕೆ ನಾನು ಸೊನ್ನೆ ಕೊಡುತ್ತೇನೆ.

'ಹೋಗಬೇಡ' ಎಂದರೆ ಮನಿಲಾದಲ್ಲಿ ನಡೆಯುವುದೂ ಇಲ್ಲ. ಅಮೆರಿಕದ ಹಗಲು ಅಲ್ಲಿಯ ರಾತ್ರಿ. ಅಮೆರಿಕದವರ ಫೋನಿಗೆ ಉತ್ತರ ಹೇಳುವ ಕಾಲ್ ಸೆಂಟರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ರಾತ್ರಿಯಿಡೀ ದುಡಿಯುತ್ತಾರೆ. ಹೆಂಗಸರ ರಾತ್ರಿ ಕೆಲಸಕ್ಕಿದ್ದ ಹಳೆಯ ನಿರ್ಬಂಧವನ್ನು ಅಲ್ಲಿಯ ಸರಕಾರ 2011ರಲ್ಲಿ ಕಾನೂನು ಮಾಡಿಯೇ ತೆಗೆದುಹಾಕಿತು. ರಾತ್ರಿ ದುಡಿ ಎಂದ ಮೇಲೆ ರಾತ್ರಿ ನಡೆಯುವ ದಾರಿಯನ್ನೂ ಕೊಡಬೇಡವೆ?

2019ರಲ್ಲಿ ಇನ್ನೊಂದು ಕಾನೂನು ಬಂತು. ಜನರ ಬಾಯಲ್ಲಿ ಅದು 'ಬಾವಾಲ್ ಬಸ್ತೋಸ್', ಅಂದರೆ ಅಸಭ್ಯತೆ ನಿಷಿದ್ಧ. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಂಡು ಸಿಳ್ಳೆ ಹೊಡೆದು ಚುಡಾಯಿಸಿದರೆ ಮೊದಲ ಸಲಕ್ಕೇ 1000 ಪೆಸೊ ದಂಡ, 12 ಗಂಟೆ ಸಮುದಾಯ ಸೇವೆ. ತಪ್ಪು ಸಿಳ್ಳೆ ಹೊಡೆದವನದು, ಕೇಳಿಸಿಕೊಂಡವಳದಲ್ಲ ಎಂದು ಬರೆದಿಟ್ಟರಲ್ಲ, ಅದಕ್ಕೆ ನನ್ನ ನಮಸ್ಕಾರ. ಆದರೆ ಕತ್ತಲಲ್ಲಿ ಸಿಳ್ಳೆ ಹೊಡೆದವನ ಮುಖ ಕಾಣುವುದು ಹೇಗೆ? ಕಾನೂನಿಗೂ ದೀಪ ಬೇಕು.

ಹಿರಿಯರು ಕಾಳಜಿಯಿಂದ ಹೇಳುತ್ತಾರೆ ಎನ್ನಬಹುದು ನೀವು. ಇರಬಹುದು. ಅಲ್ಲಿಯೂ ಬೀಳ್ಕೊಡುವಾಗ 'ಇಂಗಾತ್' ಎನ್ನುತ್ತಾರೆ, ಜೋಪಾನ ಎಂದು. ಒಳ್ಳೆಯ ಮಾತೇ. ಆದರೆ ಮಗಳಿಗೆ ಜೋಪಾನ ಹೇಳಿ ಕಂಬದ ಕಡೆ ತಲೆಯೆತ್ತಿಯೂ ನೋಡದ ಕಾಳಜಿ ಅರ್ಧ ಕಾಳಜಿ. ಬಾಗಿಲಿಗೆ ಚಿಲಕ ಹಾಕುವುದು ಸುಲಭ. ಬಲ್ಬು ಹಾಕಿಸಲು ನಾಲ್ಕು ಸಲ ಓಡಾಡಬೇಕು. ಸುಲಭವಾದದ್ದಕ್ಕೆ ನಾವು ಕಾಳಜಿಯೆಂದು ಹೆಸರಿಟ್ಟಿದ್ದೇವೆ.

ಓಡಾಡಬೇಕಾದ ಜಾಗ ಅಲ್ಲಿ ಬರಂಗಾಯ್ ಕಚೇರಿ. ಬರಂಗಾಯ್ ಎಂದರೆ ಆಡಳಿತದ ಕೊನೆಯ ಮೆಟ್ಟಿಲು, ನಮ್ಮಲ್ಲಿಯ ವಾರ್ಡು, ಪಂಚಾಯ್ತಿ ಇದ್ದ ಹಾಗೆ. ಮುಖ್ಯಸ್ಥನನ್ನು ಜನರೇ ಆರಿಸುತ್ತಾರೆ. ಅಲ್ಲಿ ಹೇಳಬೇಕಾದ ವಾಕ್ಯವನ್ನು ಆತೆ ಬಾಯಿಪಾಠ ಮಾಡಿಸಿದರು: 'ಸಿರಾ ಅಂಗ್ ಇಲಾವ್ ಸಾ ಕಾಲ್ಯೆ ನಾತಿನ್.' ನಮ್ಮ ಬೀದಿಯ ದೀಪ ಕೆಟ್ಟಿದೆ.

ಈ 'ನಮ್ಮ'ದಲ್ಲೇ ಇಡೀ ವಿಷಯವಿದೆ. ಫಿಲಿಪಿನೊದಲ್ಲಿ 'ನಮ್ಮ' ಎರಡು. 'ನಾಮಿನ್' ಎಂದರೆ ನಮ್ಮದು, ಕೇಳುತ್ತಿರುವ ನಿಮ್ಮದಲ್ಲ. 'ನಾತಿನ್' ಎಂದರೆ ನಮ್ಮದು, ನಿಮ್ಮದೂ ಸೇರಿ. ತುಳು ಬಲ್ಲವರಿಗೆ ಇದು ಹೊಸದಲ್ಲ. 'ಎಂಕುಲು', 'ನಮ' ಎಂಬ ಭೇದ ಅಲ್ಲಿಯೂ ಇದೆ. ಮೇಜಿನ ಹಿಂದೆ ಕೂತವರಿಗೆ 'ನಾಮಿನ್' ಎಂದರೆ ಅದು ಹೆಂಗಸರ ಗೋಳು. 'ನಾತಿನ್' ಎಂದರೆ ಅವರ ಹೆಂಡತಿ, ಮಗಳು ನಡೆಯುವ ಬೀದಿಯೂ ಅದೇ.

ನಮ್ಮ ಕನ್ನಡದಲ್ಲಿ 'ನಮ್ಮ' ಒಂದೇ. ಆದ್ದರಿಂದ ಯಾರೂ ಅದರಿಂದ ಹೊರಗೆ ಉಳಿಯುವಂತಿಲ್ಲ. ಹೋಗಬೇಡ ಎಂದವರನ್ನು ಕೇಳಿ, ಸಾವಧಾನವಾಗಿಯೇ ಕೇಳಿ: ಕೆಟ್ಟಿರುವುದು ದೀಪ ತಾನೆ? ಮತ್ತೆ ರಿಪೇರಿ ನನಗೇಕೆ?